ಭೂಮಿ ಸಾಲುತ್ತಿಲ್ಲ ಎಂದವರು ಯಾರು? (ಆದಿಕಾಂಡ 1 ಮತ್ತು 13)



ಬಾಗಿಲ ಹತ್ತಿರ ಇಟ್ಟಿರುವ ಪ್ರಶ್ನೆ ಪೆಟ್ಟಿಗೆಯಲ್ಲಿ ಈ ತಿಂಗಳು ಎರಡು ಚೀಟಿ ಬಂದಿವೆ. ಎರಡರಲ್ಲೂ ಹೆಸರಿಲ್ಲ. ಮೊದಲನೆಯದು ಹೀಗಿದೆ: "ಪಾಸ್ಟರ್, ನೀರಿಲ್ಲ, ಕೆಲಸ ಇಲ್ಲ, ರೋಡಲ್ಲಿ ಜಾಗ ಇಲ್ಲ. ಎಲ್ಲದಕ್ಕೂ ಜನ ಜಾಸ್ತಿ ಆಗಿದ್ದೇ ಕಾರಣ ಅಲ್ವಾ? ಕೆಲವರು ಲೆಕ್ಕವಿಲ್ಲದೆ ಹೆರ್ತಾರೆ, ನಾವು ಅನುಭವಿಸ್ತೀವಿ." ಎರಡನೆಯದು ಚಿಕ್ಕದು: "ನಮಗೆ ಮದುವೆಯಾಗಿ ಎರಡು ವರ್ಷ. ಈ ಊರಲ್ಲಿ, ಈ ಕಾಲದಲ್ಲಿ ಮಗು ಮಾಡ್ಕೊಳ್ಳೋದು ಸರಿನಾ?" ಎರಡೂ ಒಂದೇ ವಿಷಯದ ಬಗ್ಗೆ ಇವೆ. ಆದರೆ ಒಂದು ಚೀಟಿ ಬೇರೆಯವರ ಮಕ್ಕಳನ್ನು ಎಣಿಸುತ್ತದೆ, ಇನ್ನೊಂದು ಇನ್ನೂ ಹುಟ್ಟದ ತನ್ನ ಮಗುವಿನ ಬಗ್ಗೆ ಭಯಪಡುತ್ತದೆ. ಎರಡಕ್ಕೂ ಇವತ್ತು ಉತ್ತರ ಹುಡುಕೋಣ.

ಆದಿಕಾಂಡ ಒಂದನೇ ಅಧ್ಯಾಯ ತೆಗೀರಿ. ಹೆಚ್ಚಾಗಿ ಭೂಮಿಯನ್ನು ತುಂಬಿಕೊಳ್ಳಿ ಎಂಬ ಆಶೀರ್ವಾದ 28ನೇ ವಚನದಲ್ಲಿದೆ, ಅದು ನಮಗೆಲ್ಲ ಬಾಯಿಪಾಠ. ಆದರೆ 22ನೇ ವಚನ ನೋಡಿ. ಅದೇ ಆಶೀರ್ವಾದವನ್ನು ದೇವರು ಮೊದಲು ಕೊಟ್ಟಿದ್ದು ಯಾರಿಗೆ? ಮೀನುಗಳಿಗೆ, ಪಕ್ಷಿಗಳಿಗೆ. ಮನುಷ್ಯನನ್ನು ಇನ್ನೂ ಉಂಟುಮಾಡಿಯೇ ಇರಲಿಲ್ಲ. ಅಂದ್ರೆ ಹೆಚ್ಚುವ ಹಕ್ಕು ನಮ್ಮೊಬ್ಬರದ್ದೇ ಅಲ್ಲ, ನಮಗಿಂತ ಮೊದಲೇ ಮೀನಿಗೆ ಆ ಮಾತು ಕೊಟ್ಟಾಗಿದೆ. 2016ರ ಮಾರ್ಚ್‌ನಲ್ಲಿ ನಮ್ಮ ಹಲಸೂರು ಕೆರೆಯಲ್ಲಿ ಸಾವಿರಾರು ಮೀನು ಸತ್ತು ತೇಲಿದ್ದು ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು. ಕೆರೆಗೆ ಚರಂಡಿ ಬಿಟ್ಟು ನೀರಿನಲ್ಲಿ ಉಸಿರಾಡುವ ಗಾಳಿ ಇಲ್ಲದ ಹಾಗೆ ಮಾಡಿದವರು ನಾವು. ಒಂದು ಜೀವಿ ತುಂಬಿಕೊಳ್ಳುವುದಕ್ಕಾಗಿ ಇನ್ನೊಂದನ್ನು ಖಾಲಿ ಮಾಡಿದರೆ, 28ನೇ ವಚನ ಹಿಡ್ಕೊಂಡು 22ನೇ ವಚನವನ್ನು ಹರಿದು ಹಾಕಿದ ಹಾಗೆ. ಮಕ್ಕಳು ದೇವರ ಆಶೀರ್ವಾದ ಎಂದು ಸಾರುವ ನಾವು ಇದನ್ನು ಯಾವತ್ತಾದರೂ ವೇದಿಕೆ ಮೇಲೆ ಹೇಳಿದ್ದೀವಾ?

ಈಗ ಮೊದಲ ಚೀಟಿಗೆ ಬರ್ತೀನಿ. ಆ ಮಾತನ್ನು ಮೊದಲು ದೊಡ್ಡ ಸಿದ್ಧಾಂತ ಮಾಡಿದವರು ಒಬ್ಬ ಪಾದ್ರಿ. ಇಂಗ್ಲೆಂಡಿನ ಥಾಮಸ್ ರಾಬರ್ಟ್ ಮಾಲ್ಥಸ್. 1798ರಲ್ಲಿ ಹೆಸರು ಹಾಕದೆ ಒಂದು ಪ್ರಬಂಧ ಪ್ರಕಟಿಸಿದರು. ಜನ ಎರಡು, ನಾಲ್ಕು, ಎಂಟು ಅಂತ ಹೆಚ್ತಾರೆ, ಆಹಾರ ಒಂದು, ಎರಡು, ಮೂರು ಅಂತ ಮಾತ್ರ ಹೆಚ್ಚುತ್ತೆ, ಮಿಕ್ಕವರನ್ನು ಹಸಿವು, ರೋಗಗಳೇ ತೆಗೆದುಹಾಕುತ್ತವೆ ಅನ್ನೋದು ವಾದ. 1803ರ ಆವೃತ್ತಿಯಲ್ಲಿ ಇನ್ನೂ ಮುಂದೆ ಹೋದರು. ಯಾರಿಗೆ ತಂದೆತಾಯಿಯಿಂದ ಊಟವಿಲ್ಲವೋ, ಯಾರ ದುಡಿಮೆ ಸಮಾಜಕ್ಕೆ ಬೇಡವೋ, ಅವನಿಗೆ ಪ್ರಕೃತಿಯ ಔತಣದಲ್ಲಿ ಎಲೆ ಹಾಕಿಲ್ಲ, ಅವನು ಎದ್ದು ಹೋಗಬೇಕು ಎಂಬ ಅರ್ಥದ ಮಾತು ಬರೆದರು. ಮುಂದಿನ ಆವೃತ್ತಿಗಳಲ್ಲಿ ಆ ಭಾಗವನ್ನು ತೆಗೆದುಬಿಟ್ಟರು. ಅವರು ಓದಿದ ಲೂಕನ ಸುವಾರ್ತೆಯಲ್ಲೂ 14ನೇ ಅಧ್ಯಾಯದಲ್ಲಿ ಒಂದು ಔತಣ ಇದೆ. ಬಡವರು, ಕುಂಟರು, ಕುರುಡರು ಎಲ್ಲರೂ ಬಂದು ಕೂತ ಮೇಲೆ ಆಳು ಏನು ಹೇಳ್ತಾನೆ? ಇನ್ನೂ ಸ್ಥಳವಿದೆ ಅಂತಾನೆ. ಒಬ್ಬ ಪಾದ್ರಿಗೆ ಇದು ನೆನಪಿಗೆ ಬರಲಿಲ್ಲವಾ ಅಂತ ನನಗೆ ಆಶ್ಚರ್ಯ.

ಇದು ಇಂಗ್ಲೆಂಡಿನ ಕಥೆ, ನಮಗೇನು ಅನ್ನಬೇಡಿ. ಮಾಲ್ಥಸ್ 1805ರಿಂದ ಪಾಠ ಹೇಳಿದ್ದು ಈಸ್ಟ್ ಇಂಡಿಯಾ ಕಂಪನಿಯ ಕಾಲೇಜಿನಲ್ಲಿ, ನಮ್ಮ ದೇಶವನ್ನು ಆಳಲು ಬರುವ ಹುಡುಗರಿಗೆ. ಆ ವಿಚಾರ ಹಡಗು ಹತ್ತಿ ಇಲ್ಲಿಗೆ ಬಂತು. 1876ರಿಂದ 78ರವರೆಗೆ ಮಳೆ ಹೋಯಿತು. ನಮ್ಮ ಅಜ್ಜಿಯರು ಧಾತು ಈಶ್ವರದ ಬರ ಅಂತ ಹೇಳುತ್ತಿದ್ದುದು ಅದೇ. 1877ರಲ್ಲಿ ವೈಸರಾಯ್ ಲಿಟ್ಟನ್, ಭಾರತದ ಜನ ಇಲ್ಲಿಯ ಮಣ್ಣು ಕೊಡುವ ಆಹಾರಕ್ಕಿಂತ ಬೇಗ ಹೆಚ್ಚುತ್ತಾರೆ ಎಂದು ತನ್ನ ಸಭೆಯಲ್ಲಿ ಹೇಳಿದ. ಅದೇ ಸಮಯದಲ್ಲಿ ಈ ದೇಶದ ಗೋಧಿ ಇಂಗ್ಲೆಂಡಿಗೆ ಹೋಗ್ತಾ ಇತ್ತು. ಆಗ ಬಳ್ಳಾರಿ ಮದ್ರಾಸ್ ಪ್ರಾಂತ್ಯಕ್ಕೆ ಸೇರಿತ್ತು. ಆ ಪ್ರಾಂತ್ಯದ ಬರಗಾಲದ ಕಾಮಗಾರಿಯಲ್ಲಿ ದಿನವೆಲ್ಲ ಮಣ್ಣು ಹೊತ್ತವನಿಗೆ ರಿಚರ್ಡ್ ಟೆಂಪಲ್ ಎಂಬ ಅಧಿಕಾರಿ ನಿಗದಿ ಮಾಡಿದ್ದು ಒಂದು ಪೌಂಡ್ ಧಾನ್ಯ, ಅಂದ್ರೆ ಅರ್ಧ ಕೆಜಿಗೂ ಕಡಿಮೆ, ಜೊತೆಗೆ ಚೂರು ಕಾಸು. ಮೈಸೂರು ಸಂಸ್ಥಾನದಲ್ಲಿ 1871ರ ಜನಗಣತಿಯಲ್ಲಿ 50 ಲಕ್ಷ ಜನ ಇದ್ದರು. 1881ರಲ್ಲಿ 42 ಲಕ್ಷ. ಆ ಎಂಟು ಲಕ್ಷ ಜನ "ಜಾಸ್ತಿ" ಆಗಿದ್ದರಾ? ಯಾರಿಗೆ ಜಾಸ್ತಿ?

ಜನ ಜಾಸ್ತಿ ಅನ್ನುವ ಭಯ ಸತ್ಯವೇದದಲ್ಲಿ ಮೊದಲು ಯಾರ ಬಾಯಲ್ಲಿ ಬರುತ್ತೆ ಗೊತ್ತಾ? ಫರೋಹನ ಬಾಯಲ್ಲಿ. ವಿಮೋಚನಕಾಂಡ ಒಂದನೇ ಅಧ್ಯಾಯ. ಈ ಇಸ್ರಾಯೇಲ್ಯರು ನಮಗಿಂತ ಹೆಚ್ಚಾಗ್ತಾ ಇದ್ದಾರೆ, ಏನಾದರೂ ಮಾಡಬೇಕು ಅಂತಾನೆ. ನೈಲ್ ನದಿಯ ದೇಶದಲ್ಲಿ ಅನ್ನಕ್ಕೆ ಕೊರತೆ ಇರಲಿಲ್ಲ. ಅವನಿಗೆ ಬೇಡವಾಗಿದ್ದು "ಆ ಜನ". ಈ ವಿಷಯವನ್ನು ನಾನು ಮುಚ್ಚಿಟ್ಟು ಮಾತಾಡೋದಿಲ್ಲ. ಮೊದಲ ಚೀಟಿಯಲ್ಲಿ "ಕೆಲವರು" ಅಂತ ಇದೆಯಲ್ಲ, ಆ ಕೆಲವರು ಯಾರು ಅಂತ ನಮಗೆಲ್ಲ ಗೊತ್ತು. ಹಾಗಾದರೆ ಲೆಕ್ಕವನ್ನೇ ನೋಡೋಣ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 1992-93ರಲ್ಲಿ ಒಬ್ಬ ಮುಸ್ಲಿಂ ತಾಯಿಗೆ ಸರಾಸರಿ 4.4 ಮಕ್ಕಳು. 2019-21ರಲ್ಲಿ 2.4. ಹಿಂದೂಗಳಲ್ಲಿ 3.3 ಇದ್ದದ್ದು 1.9 ಆಗಿದೆ. ನಮ್ಮ ಕ್ರೈಸ್ತರದ್ದೂ 1.9. ಎಲ್ಲರ ಮನೆಯಲ್ಲೂ ತೊಟ್ಟಿಲು ಕಡಿಮೆಯಾಗ್ತಾ ಇದೆ, ಅತಿ ವೇಗವಾಗಿ ಇಳಿದಿರುವುದು ನಾವು ಬೆರಳು ತೋರಿಸುವ ಮನೆಯಲ್ಲೇ. ಮತಾಂತರ ಮಾಡಿ ಸಂಖ್ಯೆ ಹೆಚ್ಚಿಸ್ತಾರೆ ಎಂದು ನಮ್ಮ ಮೇಲೂ ಬೆರಳು ತೋರಿಸುವವರು ಇದ್ದಾರೆ. ಎಣಿಸಿಕೊಳ್ಳುವುದು ಎಷ್ಟು ನೋವು ಅಂತ ಗೊತ್ತಿರುವ ನಾವು ಇನ್ನೊಬ್ಬರನ್ನು ಹಾಗೆ ಎಣಿಸಬಾರದು.

ಹಾಗಂತ ಜನಸಂಖ್ಯೆ ಒಂದು ಸಮಸ್ಯೆಯೇ ಅಲ್ಲ, ದೇವರು ನೋಡ್ಕೊಳ್ತಾನೆ ಅಂತ ಹೇಳಿ ಕೈ ತೊಳೆದುಕೊಳ್ಳೋಕೆ ನಾನು ತಯಾರಿಲ್ಲ. ಲೋಕದಲ್ಲಿ ನೂರು ಕೋಟಿ ಜನ ಆಗಿದ್ದು 1804ರ ಸುಮಾರಿಗೆ. ಇನ್ನೂರು ಕೋಟಿ ಆಗಲು 1927 ಬರಬೇಕಾಯಿತು, ಮುನ್ನೂರು ಕೋಟಿಗೆ 1960. ವಿಶ್ವಸಂಸ್ಥೆಯ ಲೆಕ್ಕದಲ್ಲಿ 2022ರ ನವೆಂಬರ್ 15ಕ್ಕೆ 800 ಕೋಟಿ. ಸ್ವಾತಂತ್ರ್ಯ ಬಂದ ಮೇಲಿನ ಮೊದಲ ಜನಗಣತಿಯಲ್ಲಿ, 1951ರಲ್ಲಿ, ನಾವು 36 ಕೋಟಿ. 2011ರಲ್ಲಿ 121 ಕೋಟಿ. ಇಷ್ಟು ಬಾಯಿಗೆ ಅನ್ನ ಬೇಕು, ಇಷ್ಟು ಮನೆಗೆ ಇಟ್ಟಿಗೆ, ಮರಳು, ಕರೆಂಟು ಬೇಕು. ಇದು ತಮಾಷೆಯ ವಿಷಯ ಅಲ್ಲ.

1968ರಲ್ಲಿ ಅಮೆರಿಕದ ಪಾಲ್ ಎರ್ಲಿಕ್ ಎಂಬ ವಿಜ್ಞಾನಿ ಜನಸಂಖ್ಯೆಯನ್ನು ಬಾಂಬ್‌ಗೆ ಹೋಲಿಸಿ ಪುಸ್ತಕ ಬರೆದರು. 1970ರ ದಶಕದಲ್ಲಿ ಕೋಟಿಗಟ್ಟಲೆ ಜನ ಹಸಿವಿನಿಂದ ಸಾಯುತ್ತಾರೆ ಅಂದರು. ಹಾಗೆ ಆಗಲಿಲ್ಲ. ಯಾಕೆ ಆಗಲಿಲ್ಲ ಅನ್ನೋದಕ್ಕೆ ಹಸಿರು ಕ್ರಾಂತಿ ಅಂತೀವಿ, ಬೋರ್ಲಾಗ್, ಸ್ವಾಮಿನಾಥನ್ ಹೆಸರು ಹೇಳ್ತೀವಿ. ಅವರ ಜೊತೆ ನಮ್ಮ ರಾಗಿ ಲಕ್ಷ್ಮಣಯ್ಯನವರನ್ನು ಯಾಕೆ ಬಿಡಬೇಕು? ಮಂಡ್ಯದ ವಿ.ಸಿ. ಫಾರ್ಮ್‌ನಲ್ಲಿ ಕೂತು ನಮ್ಮ ರಾಗಿಯನ್ನೂ ಆಫ್ರಿಕದ ರಾಗಿಯನ್ನೂ ಕೂಡಿಸಿ "ಇಂಡಾಫ್" ತಳಿ ಮಾಡಿದ ಮನುಷ್ಯ. ರಾಗಿಯ ಹೂವು ಎಷ್ಟು ಸಣ್ಣದು ಅಂದ್ರೆ ಅದರಲ್ಲಿ ಕಸಿ ಮಾಡೋದು ಕಣ್ಣು ಬೆರಳು ಎರಡಕ್ಕೂ ಪರೀಕ್ಷೆ. ಇವತ್ತು ನಮ್ಮ ಮುದ್ದೆ ಹೊಟ್ಟೆ ತುಂಬಾ ಸಿಗ್ತಿದ್ರೆ ಅದರಲ್ಲಿ ಅವರ ಪಾಲಿದೆ. ಮಾಲ್ಥಸ್ ಬಾಯಿ ಮಾತ್ರ ಎಣಿಸಿದರು, ಆ ಬಾಯಿ ಜೊತೆ ಎರಡು ಕೈಯೂ ಬರುತ್ತೆ ಅಂತ ಲೆಕ್ಕ ಇಡಲಿಲ್ಲ. 1950-51ರಲ್ಲಿ ದೇಶದ ಆಹಾರ ಧಾನ್ಯ ಸುಮಾರು 5 ಕೋಟಿ ಟನ್. 2022-23ರಲ್ಲಿ ಸುಮಾರು 33 ಕೋಟಿ ಟನ್. ಜನ ನಾಲ್ಕು ಪಟ್ಟು ಆದರೆ ಬೆಳೆ ಆರು ಪಟ್ಟಿಗೂ ಮೇಲೆ. ಹಲ್ಲೆಲೂಯ ಅನ್ನಬಹುದು.

ಅನ್ನಿ. ಆದರೆ ಆ ಬೆಳೆಗೆ ನೀರು ಎಲ್ಲಿಂದ ತಂದೆವು ಅಂತಲೂ ಕೇಳ್ಕೊಳ್ಳಿ. ನೆಲದ ಒಳಗಿಂದ. ಲೋಕದಲ್ಲೇ ಅತಿ ಹೆಚ್ಚು ಅಂತರ್ಜಲ ಎತ್ತುವ ದೇಶ ನಮ್ಮದು. ಕೋಲಾರ, ಚಿಕ್ಕಬಳ್ಳಾಪುರದ ಕಡೆಯಿಂದ ಬಂದವರು ಇಲ್ಲಿ ಕೂತಿದ್ದೀರಿ, ಅಲ್ಲಿ ಸಾವಿರ ಅಡಿ ಕೊರೆದರೂ ಬರೀ ಧೂಳು ಬರುವ ಜಾಗಗಳು ಎಷ್ಟಿವೆ ಅಂತ ನನಗಿಂತ ನಿಮಗೆ ಗೊತ್ತು. ಅಲ್ಲಿಯ ಕೆರೆ ತುಂಬಿಸೋಕೆ 2018ರಿಂದ ನಮ್ಮ ಬೆಂಗಳೂರಿನ ಕೊಳಚೆಯನ್ನು ಸಂಸ್ಕರಿಸಿ ಕಳಿಸ್ತಾ ಇದ್ದಾರೆ. ನಾವು ಕಾವೇರಿ ಕುಡಿದು, ನಾವು ಫ್ಲಶ್ ಮಾಡಿದ್ದು ಕೋಲಾರಕ್ಕೆ. ಅದರಿಂದ ಅಂತರ್ಜಲ ಏರಿದೆ ಅಂತ ಸಂತೋಷಪಡುವ ರೈತರೂ ಇದ್ದಾರೆ, ಶುದ್ಧೀಕರಣ ಸಾಲದು ಅಂತ ಹೋರಾಟ ಮಾಡಿದವರೂ ಇದ್ದಾರೆ. ನನಗೆ ಕಾಡೋದು ಇದು: ಈ ಹಂಚಿಕೆಯನ್ನು ತೀರ್ಮಾನಿಸುವ ಮೇಜಿನ ಹತ್ತಿರ ಯಾರು ಕೂತಿದ್ದರು?

ಈಗ 13ನೇ ಅಧ್ಯಾಯ. ಅಬ್ರಾಮ ಮತ್ತು ಲೋಟ. ಅವರಿಬ್ಬರೂ ಒಟ್ಟಿಗೆ ಇರೋದಕ್ಕೆ ಆ ಪ್ರದೇಶ ಸಾಲಲಿಲ್ಲ ಅಂತ ಬರೆದಿದೆ. ಸತ್ಯವೇದದಲ್ಲಿ ಭೂಮಿ ಸಾಲದೆ ಹೋದ ಮೊದಲ ಜಗಳ ಇದು. ಯಾಕೆ ಸಾಲಲಿಲ್ಲ? ಆರನೇ ವಚನ ನಿಧಾನವಾಗಿ ಓದಿ. ಮಕ್ಕಳು ಹೆಚ್ಚಾದರು ಅಂತ ಇದೆಯಾ? ಅಬ್ರಾಮನಿಗೆ ಆಗ ಒಂದು ಮಗುವೂ ಇರಲಿಲ್ಲ! ಹೆಚ್ಚಾಗಿದ್ದು ಆಸ್ತಿ. ಕುರಿ, ದನ, ಗುಡಾರ. ಇಬ್ಬರು ಶ್ರೀಮಂತರ ಸೊತ್ತನ್ನು ಹೊರಲಾರದೆ ನೆಲ ಸೋತಿತು, ಜಗಳ ಆಡಿದ್ದು ಅವರ ಕುರುಬರು.

ಇದನ್ನು ಹಾಗೇ ಇವತ್ತಿಗೆ ಇಟ್ಟು ನೋಡಿ. ಒಬ್ಬ ಅಮೆರಿಕದವನು ವರ್ಷಕ್ಕೆ ಸುಮಾರು 14 ಟನ್ ಇಂಗಾಲದ ಹೊಗೆಗೆ ಕಾರಣ. ಒಬ್ಬ ಭಾರತೀಯ ಸುಮಾರು 2 ಟನ್. ಏಳು ಮಕ್ಕಳಿರುವ ನಮ್ಮ ಬಡ ಮನೆಯನ್ನು ನೋಡಿ ತಲೆ ಅಲ್ಲಾಡಿಸ್ತೀವಿ, ಆ ಏಳು ಮಕ್ಕಳ ಪಾಲನ್ನು ಅಲ್ಲಿ ಒಬ್ಬನೇ ಸುಡ್ತಾನೆ. ಅಮೆರಿಕದವರನ್ನು ಬೈದು ಮನೆಗೆ ಹೋಗೋದು ಸುಲಭ. ನಮ್ಮ ದೇಶದ ಒಳಗೇ ಲೋಟನ ಗುಡಾರ ಯಾವುದು ಅಂತ ನೋಡಬೇಕು. ವಿಶ್ವಸಂಸ್ಥೆಯ ಪರಿಸರ ವಿಭಾಗದ ವರದಿ ಪ್ರಕಾರ 2022ರಲ್ಲಿ ಲೋಕದಲ್ಲಿ ನೂರು ಕೋಟಿ ಟನ್‌ಗಿಂತ ಹೆಚ್ಚು ಆಹಾರ ಕಸಕ್ಕೆ ಹೋಯಿತು. ಅದೇ ಹೊತ್ತಿಗೆ ಹಸಿದು ಮಲಗುವವರು 78 ಕೋಟಿ. ನಮ್ಮ ದೇಶದ ಮನೆಗಳಲ್ಲಿ ತಲೆಗೆ ವರ್ಷಕ್ಕೆ 55 ಕೆಜಿ ಬಿಸಾಡ್ತೀವಂತೆ. ನಮ್ಮ ಮದುವೆ ಊಟದ ಎಲೆಗಳನ್ನು ನೋಡಿದವರಿಗೆ ಇದು ದೊಡ್ಡ ಸುದ್ದಿ ಅಲ್ಲ.

ನೀರನ್ನೇ ತಗೊಳ್ಳಿ. ಬೆಂಗಳೂರಿಗೆ 1896ರಲ್ಲಿ ಹೆಸರಘಟ್ಟ, 1933ರಲ್ಲಿ ತಿಪ್ಪಗೊಂಡನಹಳ್ಳಿ, 1974ರಲ್ಲಿ ಕಾವೇರಿ. ಸುಮಾರು ನೂರು ಕಿಲೋಮೀಟರ್ ದೂರದಿಂದ, ಸುಮಾರು ಅರ್ಧ ಕಿಲೋಮೀಟರ್ ಎತ್ತರಕ್ಕೆ, ಪಂಪ್ ಮಾಡಿ ಮಾಡಿ ತರ್ತಾರೆ. ಜನ 2001ರಲ್ಲಿ 57 ಲಕ್ಷ ಇದ್ದದ್ದು ಹತ್ತೇ ವರ್ಷದಲ್ಲಿ 85 ಲಕ್ಷ. ಇಷ್ಟು ಏರಿದ್ದು ನಮ್ಮ ಹೆರಿಗೆ ಆಸ್ಪತ್ರೆಗಳಿಂದಲ್ಲ. ರಾಯಚೂರಿನಿಂದ, ಕಲಬುರಗಿಯಿಂದ, ಬಿಹಾರದಿಂದ, ಒಡಿಶಾದಿಂದ ಕೆಲಸ ಹುಡುಕಿ ಬಂದವರಿಂದ. ಇಲ್ಲಿ ಕೂತಿರುವ ನಮ್ಮಲ್ಲೂ ಹೆಚ್ಚಿನವರು ಹಾಗೇ ಬಂದವರು. 2024ರ ಮಾರ್ಚ್ ಮರೆತಿದ್ದೀರಾ? ಸುಮಾರು 14 ಸಾವಿರ ಸರ್ಕಾರಿ ಬೋರ್‌ವೆಲ್‌ಗಳಲ್ಲಿ ಅರ್ಧದಷ್ಟು ಒಣಗಿದವು. ಟ್ಯಾಂಕರ್ ರೇಟಿಗೆ ಜಿಲ್ಲಾಡಳಿತ ಮಿತಿ ಹಾಕಬೇಕಾಯಿತು. ಕುಡಿಯುವ ನೀರಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಅಂದರು. ಆಗ ಕೊಡ ಹಿಡಿದು ಕ್ಯೂ ನಿಂತವರು ಯಾರು, ಟ್ಯಾಂಕರ್‌ಗೆ ಫೋನ್ ಮಾಡಿದವರು ಯಾರು?

ಮಳೆ ಬಾರದೆ ಇದ್ದಾಗ ನಾವು ಉಪವಾಸ ಪ್ರಾರ್ಥನೆ ಮಾಡ್ತೀವಿ. ಒಳ್ಳೇದು. ದೇವರು ಮಳೆ ಕೊಟ್ಟರೆ ಅದು ನಿಲ್ಲೋದು ಎಲ್ಲಿ? ಧರ್ಮಾಂಬುಧಿ ಕೆರೆ ಈಗ ಮೆಜೆಸ್ಟಿಕ್ ಬಸ್ ಸ್ಟ್ಯಾಂಡ್. ಸಂಪಂಗಿ ಕೆರೆ ಈಗ ಕಂಠೀರವ ಕ್ರೀಡಾಂಗಣ. ಜನ ಹೆಚ್ಚಾದ್ದರಿಂದ ಕೆರೆ ಹೋಯಿತು ಅಂತೀವಿ. ಜನ ಹೆಚ್ಚಾದರೆ ಕೆರೆ ಇನ್ನೂ ಜಾಸ್ತಿ ಬೇಕಲ್ವಾ?

ಅಬ್ರಾಮ ಏನು ಮಾಡಿದ ನೋಡಿ. ದೊಡ್ಡವನು ಅವನು, ವಾಗ್ದಾನ ಇದ್ದದ್ದು ಅವನಿಗೆ. ಆದರೂ ತಮ್ಮನ ಮಗನಿಗೆ ಮೊದಲು ಆರಿಸಿಕೋ ಅಂದ. ಲೋಟ ನೀರಾವರಿ ಜಾಗ ಆರಿಸಿಕೊಂಡ. ಅಬ್ರಾಮ ಉಳಿದದ್ದರಲ್ಲಿ ಬದುಕಿದ. ಹಕ್ಕಿರುವವನು ಕಡಿಮೆ ತಗೊಳ್ಳೋದು ಅಂದ್ರೆ ಇದು. ಇದನ್ನು ಯಾವ ಸರ್ಕಾರವೂ ಕಾನೂನು ಮಾಡಿ ನಮ್ಮ ಕೈಯಿಂದ ಮಾಡಿಸೋಕೆ ಆಗೋದಿಲ್ಲ. ಮಾಡಿಸೋಕೆ ಹೋದಾಗ ಏನಾಯ್ತು ಅಂತ ಹಿರಿಯರಿಗೆ ನೆನಪಿದೆ. ತುರ್ತು ಪರಿಸ್ಥಿತಿ, 1976-77. ಒಂದೇ ವರ್ಷದಲ್ಲಿ 80 ಲಕ್ಷಕ್ಕೂ ಹೆಚ್ಚು ಸಂತಾನಹರಣ ಶಸ್ತ್ರಚಿಕಿತ್ಸೆ. ಬಡವರನ್ನು ಲಾರಿಯಲ್ಲಿ ತುಂಬಿಕೊಂಡು ಹೋದರು. ಚೀನಾದಲ್ಲಿ 1980ರಿಂದ 2015ರವರೆಗೆ ಮನೆಗೆ ಒಂದೇ ಮಗು ಅನ್ನುವ ಕಾನೂನು ಇತ್ತು. ಈಗ ಅದೇ ಸರ್ಕಾರ ಹೆರಿ ಹೆರಿ ಅಂತ ದುಡ್ಡು ಕೊಡ್ತಾ ಇದೆ, ಹೆರುವವರಿಲ್ಲ.

ಒತ್ತಾಯ ಇಲ್ಲದೆಯೇ ನಮ್ಮ ರಾಜ್ಯದಲ್ಲಿ ಏನಾಗಿದೆ ಗೊತ್ತಾ? ಮೈಸೂರು ಸಂಸ್ಥಾನ 1930ರಲ್ಲೇ ಸರ್ಕಾರಿ ಸಂತಾನ ನಿಯಂತ್ರಣ ಕ್ಲಿನಿಕ್ ತೆರೆದಿತ್ತು, ಲೋಕದಲ್ಲೇ ಮೊದಲು ಅಂತಾರೆ. ಈಗ ಕರ್ನಾಟಕದಲ್ಲಿ ಒಬ್ಬ ತಾಯಿಗೆ ಸರಾಸರಿ 1.7 ಮಕ್ಕಳು. ಜನಸಂಖ್ಯೆ ಹಾಗೇ ನಿಲ್ಲೋಕೆ ಬೇಕಾದ 2.1ಕ್ಕಿಂತ ಕಡಿಮೆ. ಹೆಣ್ಣುಮಕ್ಕಳು ಓದಿದರು, ಹುಟ್ಟಿದ ಮಕ್ಕಳು ಬದುಕುಳಿದರು, ಅದರಿಂದ ಆಯಿತು. ಆದರೆ ಇದರ ಭಾರ ಹೊತ್ತವರು ಯಾರು? ಸಹೋದರರೇ, ಸ್ವಲ್ಪ ತಲೆ ಎತ್ತಿ ಕೇಳಿ. ಮದುವೆಯಾದ ಹೆಂಗಸರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಆಪರೇಷನ್ ಮಾಡಿಸ್ಕೊಂಡಿದ್ದಾರೆ. ಗಂಡಸರಲ್ಲಿ? ನೂರಕ್ಕೆ ಒಬ್ಬರೂ ಇಲ್ಲ. ಗಂಡಸರದ್ದು ಚಿಕ್ಕದು, ಅದೇ ದಿನ ಮನೆಗೆ ಬರಬಹುದು. ಹೆರುವುದೂ ಅವಳೇ, ಕೊಯ್ಸಿಕೊಳ್ಳುವುದೂ ಅವಳೇ. ಕ್ರಿಸ್ತನು ಸಭೆಯನ್ನು ಪ್ರೀತಿಸಿದ ಹಾಗೆ ಹೆಂಡತಿಯನ್ನು ಪ್ರೀತಿಸಿ ಎಂಬ ವಾಕ್ಯದ ಮೇಲೆ ನಾನು ಎಷ್ಟು ಮದುವೆ ಮಾಡಿಸಿದ್ದೀನಿ! ನಗಬೇಡಿ, ಇದು ನಗುವ ವಿಷಯ ಅಲ್ಲ.

ಎರಡನೇ ಚೀಟಿ ಬರೆದ ಮಕ್ಕಳೇ, ನೀವು ಇಲ್ಲೇ ಎಲ್ಲೋ ಕೂತಿದ್ದೀರಿ. ಯೆರೆಮೀಯನ ಪುಸ್ತಕದ 29ನೇ ಅಧ್ಯಾಯದಲ್ಲಿ ಬಾಬಿಲೋನಿಗೆ ಸೆರೆ ಹೋದವರಿಗೆ ಒಂದು ಕಾಗದ ಹೋಗುತ್ತೆ. ಆ ಪರಊರಲ್ಲೇ ಮನೆ ಕಟ್ಟಿ, ತೋಟ ಮಾಡಿ, ಮಕ್ಕಳನ್ನು ಪಡೆಯಿರಿ, ಆ ಊರಿನ ಕ್ಷೇಮಕ್ಕಾಗಿ ಪ್ರಾರ್ಥಿಸಿ ಅಂತ. ಕಾಲ ಕೆಟ್ಟಿತ್ತು, ಆದರೂ ಮಕ್ಕಳು ಬೇಕು ಅಂತ ದೇವರು ಹೇಳಿದ. ಅದೇ ಪುಸ್ತಕದ 16ನೇ ಅಧ್ಯಾಯದಲ್ಲಿ ಅದೇ ಯೆರೆಮೀಯನಿಗೆ, ನೀನು ಈ ಸ್ಥಳದಲ್ಲಿ ಮದುವೆಯಾಗಬೇಡ, ನಿನಗೆ ಮಕ್ಕಳು ಬೇಡ ಅಂತಲೂ ಹೇಳಿದ. ಎರಡೂ ದೇವರ ಮಾತೇ. ಆದ್ದರಿಂದ ಮಗು ಬೇಕು ಅಂದರೆ ಅದು ಪಾಪ ಅಲ್ಲ, ನಿಮ್ಮ ಮಗು ಈ ಭೂಮಿಗೆ ಹೊರೆ ಅಂತ ಯಾರಾದರೂ ಅಂದರೆ ನಂಬಬೇಡಿ. ಈಗ ಬೇಡ ಅಥವಾ ಬೇಡವೇ ಬೇಡ ಅಂದರೂ ಅದು ಅವಿಶ್ವಾಸ ಅಲ್ಲ. ತೀರ್ಮಾನ ನಿಮ್ಮಿಬ್ಬರದು. ಅತ್ತೆಯದ್ದಲ್ಲ, ನನ್ನದೂ ಅಲ್ಲ, ಮುಖ್ಯಮಂತ್ರಿಗಳದ್ದೂ ಅಲ್ಲ. 2024ರ ಅಕ್ಟೋಬರ್‌ನಲ್ಲಿ ಪಕ್ಕದ ಎರಡು ರಾಜ್ಯಗಳ ಮುಖ್ಯಮಂತ್ರಿಗಳು ಹೆಚ್ಚು ಮಕ್ಕಳ ಮಾತಾಡಿದರು, ಮುದುಕರು ಜಾಸ್ತಿ ಆಗ್ತಾರೆ, ಲೋಕಸಭೆ ಸೀಟು ಹೋಗುತ್ತೆ ಅಂತ. ನಿನ್ನೆವರೆಗೆ ಬೇಡ ಅಂದವರೇ ಇವತ್ತು ಬೇಕು ಅಂತಾರೆ. ಸೀಟಿನ ಲೆಕ್ಕಕ್ಕೆ ಯಾರೂ ಮಗು ಹೆರಬೇಡಿ. 127ನೇ ಕೀರ್ತನೆಯ ಬತ್ತಳಿಕೆಯಲ್ಲಿ ಎಷ್ಟು ಬಾಣ ಇರಬೇಕು ಅಂತ ಸಂಖ್ಯೆ ಕೊಟ್ಟಿಲ್ಲ. ಮತ್ತೆ ಅಕ್ಕಂದಿರೇ, ಅಮ್ಮಂದಿರೇ, ಆರಾಧನೆ ಮುಗಿದ ಮೇಲೆ ಹೊಸ ಹೆಣ್ಣುಮಕ್ಕಳನ್ನು ಹಿಡಿದು "ಏನಮ್ಮ, ವಿಶೇಷ ಇಲ್ವಾ?" ಅಂತ ಕೇಳೋದು ಇವತ್ತಿಗೆ ನಿಲ್ಲಿಸಿ. ಮಕ್ಕಳಿಗಾಗಿ ಅತ್ತು ಅತ್ತು ಪ್ರಾರ್ಥಿಸುವವರು ಅವರಲ್ಲಿ ಇರ್ತಾರೆ.

ಮಗು ಹುಟ್ಟಿದರೆ ಅದಕ್ಕೆ ಏನು ಉಳಿಸ್ತೀವಿ ಅನ್ನುವ ಪ್ರಶ್ನೆ ನಿಮ್ಮಿಬ್ಬರ ಮೇಲೆ ಮಾತ್ರ ಬರೋದಿಲ್ಲ, ಇಲ್ಲಿ ಕೂತ ನಮ್ಮೆಲ್ಲರ ಮೇಲೆ ಬರುತ್ತೆ. ಆದ್ದರಿಂದ ಪ್ರಾರ್ಥನೆಗೆ ಏಳುವ ಮೊದಲು ಒಂದು ವಿಷಯ. ಮುಂದಿನ ಭಾನುವಾರ ಏಳು ಜನಕ್ಕೆ ದೀಕ್ಷಾಸ್ನಾನ ಇದೆ. ತೊಟ್ಟಿ ತುಂಬಿಸಲು ಟ್ಯಾಂಕರ್ ಹೇಳಿದ್ದೀವಿ. ಕಾರ್ಯಕ್ರಮ ಮುಗಿದ ತಕ್ಷಣ ಆ ನೀರನ್ನು ಮೋರಿಗೆ ಬಿಡಬೇಡಿ. ಯೌವನಸ್ಥರು ಬಕೆಟ್ ತಂದು ಶೌಚಾಲಯದ ಡ್ರಮ್‌ಗಳಿಗೆ ತುಂಬಿಸಿ, ಉಳಿದದ್ದು ಹಿಂದಿನ ಗಲ್ಲಿಯ ಹೊಂಗೆ ಗಿಡಗಳಿಗೆ. ಪ್ರೀತಿ ಭೋಜನಕ್ಕೆ ಎಷ್ಟು ಜನ ಅಂತ ಶುಕ್ರವಾರದೊಳಗೆ ಹೆಸರು ಕೊಡಿ, ಅಷ್ಟಕ್ಕೇ ಅಕ್ಕಿ ಹಾಕ್ತೀವಿ. ಈಗ ಎದ್ದು ನಿಂತುಕೊಳ್ಳೋಣ.